ಲೈನ್ ಶಬ್ದದ ನಲವತ್ತೊಂದನೆಯ ಅರ್ಥ

ನಿಘಂಟು ಕಚೇರಿಯವರೆಲ್ಲ ಚೀಟಿ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸು ಕೆಲಸಕ್ಕೆ ಸೇರಿದ್ದು ೧೯೫೫ನೆಯ ಇಸವಿ ಜುಲೈ ೪, ಸೋಮವಾರ. ಹಾಜರಿ ಪುಸ್ತಕದಲ್ಲಿ ಜುಲೈ ೫ ಎಂದಿದೆ, ಅದು ತಪ್ಪು. ಮೊದಲ ದಿನ ಅವರಿಗೆ ಕೂರಲು ಕುರ್ಚಿ ಇರಲಿಲ್ಲ. ಕುರ್ಚಿಯಿಲ್ಲದವರನ್ನು ಹಾಜರೆಂದು ಬರೆಯಬಹುದೋ ಬಾರದೋ ಎಂದು ಗುಮಾಸ್ತ ಇಡೀ ದಿನ ಯೋಚಿಸಿ, ಮರುದಿನ ಸ್ಟೂಲೊಂದು ಸಿಕ್ಕಿದ ಮೇಲೆ ಹೆಸರು ಬರೆದ. ಆಗ ಅಕ್ಕನಿಗೆ ಇಪ್ಪತ್ತೈದು ವರ್ಷ. ಓದಿದ್ದು ಹತ್ತನೆಯ ತರಗತಿ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಬಾಗಿಲಿನಿಂದಲೇ ಹಿಂದಿರುಗಿತ್ತು.

ನಮ್ಮ ಮಾತಿನೊಳಕ್ಕೆ ಬಂದು ಬೀಡುಬಿಟ್ಟ ಹೊರಭಾಷೆಯ ಪದಗಳಿಗೊಂದು ಕೋಶ ಸಿದ್ಧಪಡಿಸುವುದು ಆ ಕಚೇರಿಯ ಉದ್ದೇಶ. ಪತ್ರಿಕೆ, ಪುಸ್ತಕ, ಕರಪತ್ರ, ಲಾಂಡ್ರಿಯ ಜಾಹೀರಾತು, ಹೀಗೆ ಅಚ್ಚಾದದ್ದೆಲ್ಲವನ್ನೂ ಓದಬೇಕು. ಪದ ಸಿಕ್ಕಿದ ವಾಕ್ಯವನ್ನು ಅಂಗೈಯಗಲದ ಚೀಟಿಯ ಮೇಲೆ ಇಳಿಸಬೇಕು. ಚೀಟಿಯ ಎಡಮೂಲೆಯಲ್ಲಿ ಮೊದಲು ಇಸವಿ, ಆಮೇಲೆ ತಿಂಗಳು, ಕೊನೆಗೆ ದಿನ ನಮೂದಿಸಿ ಅದರ ಕೆಳಗೊಂದು ಗೀಟು ಎಳೆಯಬೇಕು. ಗೋಡೆಯುದ್ದಕ್ಕೂ ಇದ್ದ ಮರದ ಗೂಡುಗಳಲ್ಲಿ ಅದನ್ನು ಸರಿಯಾದ ಜಾಗಕ್ಕೆ ಸೇರಿಸಬೇಕು. ಬರೆಯುವವರು, ಜೋಡಿಸುವವರು ಅಕ್ಕನಂಥವರು. ಚೀಟಿಗಳನ್ನು ನೋಡಿ ಅರ್ಥ ನಿರ್ಣಯಿಸುವವರು ಸಂಪಾದಕ ದರ್ಜೆಯವರು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದ ನಿಯಮಗಳಲ್ಲಿ ಮೂರನೆಯದು ಹೀಗಿತ್ತು: ಅಚ್ಚಾದ ಆಧಾರವಿಲ್ಲದ ಅರ್ಥಕ್ಕೆ ಕೋಶದಲ್ಲಿ ಸ್ಥಳವಿಲ್ಲ; ಬಾಯಿಮಾತಿನ ಆಧಾರ ಅಗತ್ಯವಾದಲ್ಲಿ ಸಂಪಾದಕ ದರ್ಜೆಯವರು ಖುದ್ದಾಗಿ ಹೋಗಿ ಮೂವರ ಬಾಯಿಂದ ಕೇಳಿ ಬರೆದು ತರತಕ್ಕದ್ದು.

ಇಪ್ಪತ್ತು ವರ್ಷ ಹೀಗೆಯೇ ಸಾಗಿತು. ಲೈನ್ ಎಂಬ ಪದ ಅಕ್ಕನ ಕೊರಳಿಗೆ ಬಿದ್ದದ್ದು ೧೯೭೬ನೆಯ ಇಸವಿ ಫೆಬ್ರವರಿ ೯ರಂದು. ಅದಕ್ಕೆ ಮೊದಲು ಅದು ಸಹಾಯಕ ಸಂಪಾದಕನ ಬಳಿ ಎರಡು ವರ್ಷ ಕೊಳೆಯುತ್ತಿತ್ತು. ಎರಡೆರಡು ಎಂ.ಎ. ಮಾಡಿದ್ದ ಅವನನ್ನು ಜವಾನನಿಂದ ಹಿಡಿದು ಟೈಪಿಸ್ಟಿನವರೆಗೆ ಎಲ್ಲರೂ ಬೆನ್ನ ಹಿಂದೆ ಡಬಲ್ ಎಮ್ಮೆ ಎನ್ನುತ್ತಿದ್ದರು. ಎರಡು ವರ್ಷದಲ್ಲಿ ಅವನು ಕಂಡುಹಿಡಿದದ್ದು ಒಂಬತ್ತು ಅರ್ಥ. ಚೀಟಿಗಳು ಮಾತ್ರ ಗೂಡು ತುಂಬಿ, ಬುಟ್ಟಿ ತುಂಬಿ, ನೆಲಕ್ಕೆ ಇಳಿದಿದ್ದವು. ಪ್ರಧಾನ ಸಂಪಾದಕರು ಅಕ್ಕನನ್ನು ಕರೆದರು.

“ಈ ಹಾವಿನ ಬುಟ್ಟೀನ ನೀವೇ ಹಿಡ್ಕೊಳ್ಳಿ ಅಕ್ಕ. ಇಲ್ಲದಿದ್ರೆ ಲಕಾರದ ಸಂಚಿಕೆ ನನ್ನ ಮೊಮ್ಮಕ್ಕಳ ಕಾಲಕ್ಕೆ ಬರುತ್ತೆ.”

“ನನಗೆ ದರ್ಜೆ ಇಲ್ಲವಲ್ಲ ಸಾರ್.”

“ದರ್ಜೆ ಕೊಡೋಕೆ ನನಗೆ ಅಧಿಕಾರ ಇಲ್ಲ. ಹೆಸರು ಹಾಕೋಕಿದೆ. ಮುನ್ನುಡೀಲಿ ದೊಡ್ಡ ಪದಗಳ ಪಕ್ಕ ಮಾಡಿದೋರ ಹೆಸರು ಇರುತ್ತಲ್ಲ, ಲೈನ್ ಪಕ್ಕ ನಿಮ್ಮದು.”

ಅಕ್ಕ ಆ ದಿನ ಮನೆಗೆ ಹೋಗಿ ಹೆಸರಿನ ಮಾತೆತ್ತಲಿಲ್ಲ. ಮನೆಯೆಂದರೆ ತಮ್ಮ, ತಮ್ಮನ ಹೆಂಡತಿ, ಎರಡು ಕೋಣೆ. ತಮ್ಮ ವಿದ್ಯುತ್ ಕಚೇರಿಯಲ್ಲಿ ಲೈನ್‌ಮನ್. ಪದದ ಸುದ್ದಿ ಕೇಳಿದ್ದೇ ಅವನು ತೊಡೆ ತಟ್ಟಿ ನಕ್ಕ. “ಕಂಬ ಹತ್ತೋದು ನಾನು, ಅರ್ಥ ಇಳಿಸೋದು ನೀನು. ಅಕ್ಕಾ, ಲೈನ್ ಹೊಡೆಯೋದು ಬರ್ಕೊಂಡ್ಯಾ?”

“ಬರ್ಕೊಂಡೆ. ನೀನು ಇವಳ ಅಪ್ಪನ ಮನೆ ಮುಂದೆ ಸೈಕಲ್ ಬೆಲ್ ಮಾಡ್ತಾ ಹೊಡೀತಿದ್ದದ್ದು ಅಚ್ಚಾಗಿಲ್ಲ, ಇಲ್ಲದಿದ್ರೆ ಅದನ್ನೇ ಹಾಕ್ತಿದ್ದೆ,” ಎಂದರು ಅಕ್ಕ. ತಮ್ಮನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಆರು ವರ್ಷದಲ್ಲಿ ಅಕ್ಕ ಆ ಪದವನ್ನು ಎಳೆಎಳೆಯಾಗಿ ಬಿಡಿಸಿದರು. ಕಾಗದದ ಮೇಲಿನ ಗೆರೆ ಲೈನ್. ಬರೆದ ಸಾಲೂ ಲೈನ್. ರೈಲು ಓಡುವುದು ಅದರ ಮೇಲೆ, ಕರೆಂಟು ಹರಿಯುವುದು ಅದರೊಳಗೆ. ಫೋನಿನಲ್ಲಿ ಅದು ಸಿಗುತ್ತದೆ, ಸಿಗುವುದಿಲ್ಲ, ಮಾತಿನ ನಡುವೆ ಕಟ್ಟಾಗುತ್ತದೆ. ಊರಿಂದೂರಿಗೆ ಹೋಗುವುದು ಲೈನ್ ಬಸ್ಸು. ಪೊಲೀಸರು ವಾಸಿಸುವುದು ಲೈನಿನಲ್ಲಿ, ಗಿರಣಿಯ ಕೂಲಿಗಳೂ ಲೈನಿನಲ್ಲಿಯೇ. ‘ನಿಮ್ಮದು ಯಾವ ಲೈನು?’ ಎಂದರೆ ಕಸುಬು. ದಾರಿ ತಪ್ಪಿದ ಮಗ ಮದುವೆಯಾದ ಮೇಲೆ ಲೈನಿಗೆ ಬರುತ್ತಾನೆ. ಹುಡುಗಿಯ ಹಿಂದೆ ಬೀಳುವ ಅರ್ಥವನ್ನು ಕಂಡಾಗ ಸಹಾಯಕ ಸಂಪಾದಕ ಮೂಗು ಮುರಿದ.

“ಇದು ಕೋಶಕ್ಕೆ ಶೋಭೆ ತರೋಲ್ಲ.”

“ಶೋಭೆ ಬೇಕಾದ್ರೆ ಹೂಕುಂಡ ಇಡಿಸಿ ಸಾರ್. ಇದಕ್ಕೆ ಹನ್ನೊಂದು ಆಧಾರ ಇವೆ,” ಎಂದರು ಅಕ್ಕ. ಅರ್ಥ ಉಳಿಯಿತು. ೧೯೮೨ರ ಏಪ್ರಿಲ್ ಹೊತ್ತಿಗೆ ಅರವತ್ತೆರಡು ಅರ್ಥಗಳಾಗಿದ್ದವು, ಚೀಟಿಗಳು ೪,೨೧೫.

ಅರವತ್ತಮೂರನೆಯದೊಂದಿತ್ತು. ಜೋಡಣೆಯ ಕ್ರಮದಲ್ಲಿ ಅದು ನಲವತ್ತೊಂದನೆಯ ಸ್ಥಾನಕ್ಕೆ ಬರಬೇಕಾದ್ದು. ಅದಕ್ಕೆ ಚೀಟಿಯೇ ಇರಲಿಲ್ಲ.

ಅಕ್ಕ ಹುಟ್ಟಿ ಬೆಳೆದದ್ದು ಗಿರಣಿಯ ಲೈನ್ ಮನೆಗಳಲ್ಲಿ, ಹದಿನೆಂಟನೆಯ ನಂಬರಿನಲ್ಲಿ. ನಲವತ್ತು ಮನೆಗೆ ಒಂದು ನಲ್ಲಿ. ೧೯೩೬ರ ಅಕ್ಟೋಬರ್ ೧೨ರಂದು ಅಪ್ಪ ಜ್ವರದಲ್ಲಿ ತೀರಿಕೊಂಡಾಗ ಅಕ್ಕನಿಗೆ ಆರು ವರ್ಷ, ತಮ್ಮ ತೊಟ್ಟಿಲಲ್ಲಿ. ಮರುದಿನದಿಂದ ಒಂಬತ್ತು ದಿನ ಲೈನಿನ ಹೆಂಗಸರು ಅಮ್ಮನ ಖಾಲಿ ಬಕೆಟ್ಟನ್ನು ಕಾಲಿನಿಂದ ಮುಂದೆ ಮುಂದೆ ತಳ್ಳಿ ನಲ್ಲಿಯ ಬಾಯಿಗೇ ಇಟ್ಟರು. “ತಗೋ, ನನ್ನ ಲೈನ್ ನಿನಗೆ,” ಎಂದು ಒಬ್ಬೊಬ್ಬರೂ ಹೇಳಿದ್ದು ಆ ಆರು ವರ್ಷದ ಕಿವಿಯಲ್ಲಿ ಹಾಗೆಯೇ ಕೂತಿತ್ತು. ದೊಡ್ಡವಳಾದ ಮೇಲೊಮ್ಮೆ ಕೇಳಿದಾಗ ಅಮ್ಮ ಹೇಳಿದ್ದೂ ನೆನಪಿತ್ತು: “ಲೈನ್ ಕೊಟ್ಟದ್ದನ್ನ ಯಾರೂ ವಾಪಸ್ ಕೇಳಲ್ಲ ಕಣೇ.” ಅಮ್ಮ ತೀರಿಕೊಂಡದ್ದು ೧೯೬೯ರಲ್ಲಿ.

ಅಕ್ಕ ಅರ್ಥವನ್ನು ಹೀಗೆ ಬರೆದಿಟ್ಟಿದ್ದರು: ‘ನಲ್ಲಿಯ ಬಳಿ ತನ್ನ ಸರದಿಯನ್ನು, ಮರಳಿ ಕೇಳದಂತೆ, ಕಷ್ಟದಲ್ಲಿರುವ ನೆರೆಮನೆಗೆ ಬಿಟ್ಟುಕೊಡುವುದು.’ ಮರಳಿ ಕೇಳದಂತೆ ಎಂಬ ಎರಡು ಪದಗಳನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದರು. ಆ ಎರಡು ಪದಗಳಿಗೋಸ್ಕರವೇ ಉಳಿದ ಅರವತ್ತೆರಡು ಅರ್ಥಗಳನ್ನು ತಾವು ಹೊತ್ತು ತಂದದ್ದೆಂದು ಒಮ್ಮೊಮ್ಮೆ ಅವರಿಗೆ ಅನ್ನಿಸುತ್ತಿತ್ತು.

ಸಹಾಯಕ ಸಂಪಾದಕನನ್ನು ಕೇಳಿದರು. “ಸಾರ್, ನೀವೊಂದು ಸಲ ಲೈನ್ ಮನೆಗೆ ಹೋಗಿ ಮೂರು ಜನರ ಬಾಯಿಂದ ಬರ್ಕೊಂಡು ಬಂದ್ರೆ ಆಗುತ್ತೆ. ನನಗೆ ದರ್ಜೆ ಇಲ್ಲ.”

“ನಲ್ಲಿ ಹತ್ರ ಹೋಗಿ ನಿಂತ್ಕೊಳ್ಳೋದಾ? ಎರಡು ಎಂ.ಎ. ಮಾಡಿದ್ದು ಅದಕ್ಕಾ ಅಕ್ಕ? ಅಚ್ಚಾಗಿರೋದು ಏನಾದ್ರೂ ಇದ್ರೆ ತನ್ನಿ.”

ಅಚ್ಚಾದದ್ದು ಇರಲಿಲ್ಲ. ನಲ್ಲಿಯ ಬಳಿ ನಿಲ್ಲುವವರು ಅಚ್ಚು ಹಾಕಿಸುವುದಿಲ್ಲ. ಅಚ್ಚು ಹಾಕಿಸುವವರು ನಲ್ಲಿಯ ಬಳಿ ನಿಲ್ಲುವುದಿಲ್ಲ. ಅಕ್ಕ ನಾಲ್ಕು ತಿಂಗಳು ಹಳೆಯ ಪತ್ರಿಕೆಗಳನ್ನು ಜಾಲಾಡಿದರು. ಕಡೆಗೆ ೧೯೮೨ರ ಆಗಸ್ಟ್ ಮೊದಲ ವಾರದಲ್ಲಿ, ಇಪ್ಪತ್ತೇಳು ವರ್ಷದಲ್ಲಿ ಎಂದೂ ಮಾಡದ ಕೆಲಸವೊಂದನ್ನು ಮಾಡಿದರು. ದಿನಪತ್ರಿಕೆಯ ವಾಚಕರ ಅಂಕಣಕ್ಕೆ, ನೀರಿನ ತೊಂದರೆಯ ಬಗ್ಗೆ, ‘ಲೈನ್ ಮನೆಯ ಗೃಹಿಣಿ’ ಎಂಬ ಹೆಸರಿನಲ್ಲಿ ಪತ್ರ ಬರೆದರು. ಅಕ್ಷರ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದರು. ಹದಿನಾಲ್ಕು ಸಾಲಿಗೆ ಮೂರು ಸಂಜೆ ಹಿಡಿಯಿತು. ‘ನಮ್ಮಲ್ಲಿ ಕಷ್ಟ ಬಂದವರಿಗೆ ಲೈನ್ ಕೊಡುತ್ತೇವೆ, ವಾಪಸು ಕೇಳುವುದಿಲ್ಲ, ಈಗ ನೀರೇ ಬಾರದಿದ್ದರೆ ಏನನ್ನು ಕೊಡೋಣ?’ ಎಂಬುದು ಅದರ ಏಳನೆಯ ವಾಕ್ಯ. ಪತ್ರ ಆಗಸ್ಟ್ ೧೭, ಮಂಗಳವಾರ ಅಚ್ಚಾಯಿತು. ಅಕ್ಕ ಅದನ್ನು ಕತ್ತರಿಸಿ, ಅಂಟಿಸಿ, ನಲವತ್ತೊಂದನೆಯ ಗೂಡಿಗೆ ಹಾಕಿದರು. ೪,೨೧೬ನೆಯ ಚೀಟಿ.

ಅವರ ಗ್ರಹಚಾರವೆಂದರೆ ಪ್ರಧಾನ ಸಂಪಾದಕರಿಗೆ ಆ ಅರ್ಥ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು. ೧೯೮೪ರಲ್ಲಿ ಹಸ್ತಪ್ರತಿಯನ್ನು ಕಡೆಯ ಸಲ ನೋಡುವಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಇದೊಂದಕ್ಕೇ ಇಡೀ ಸಂಚಿಕೆ ಅಚ್ಚು ಹಾಕಬಹುದು ಅಕ್ಕ. ಇಂಥದ್ದಕ್ಕೆ ಒಂದೇ ಆಧಾರ ಸಾಲದು.” ಆ ಗೃಹಿಣಿಯ ವಿಳಾಸ ಸಿಕ್ಕರೆ ತಾವೇ ಹೋಗಿ ಮಾತಾಡಿಸಿ ಬರುವುದಾಗಿ ಪತ್ರಿಕೆಗೆ ಬರೆದರು. ಅಕ್ಕನಿಗೆ ತಿಳಿಸಲಿಲ್ಲ, ಸಂತೋಷಪಡಿಸುವ ಆಸೆಯಿತ್ತು. ವಾಚಕರ ಪತ್ರಗಳನ್ನು ಮೂರು ವರ್ಷ ಕಟ್ಟಿಡುವುದು ಆ ಪತ್ರಿಕೆಯ ಪದ್ಧತಿ. ವಿಳಾಸವಿಲ್ಲವೆಂದು ವಿಷಾದಿಸಿ ಅವರು ಮೂಲ ಪತ್ರವನ್ನೇ ಕಳಿಸಿಕೊಟ್ಟರು.

ಮಾರ್ಚ್ ೨೧, ಬುಧವಾರ. ಅಕ್ಕ ಒಳಗೆ ಹೋದಾಗ ಪ್ರಧಾನ ಸಂಪಾದಕರು ಕೂರಲು ಹೇಳಲಿಲ್ಲ. ಕಿಟಕಿಯ ಬಳಿ ಸಹಾಯಕ ಸಂಪಾದಕ ನಿಂತಿದ್ದ.

“ಇದು ಯಾರ ಅಕ್ಷರ?”

“ಗೊತ್ತಿಲ್ಲ ಸಾರ್.”

“ನನಗೂ ಗೊತ್ತಿಲ್ಲ. ಕೋಳಿ ಕೆದಕಿದ ಹಾಗಿದೆ. ಆದ್ರೆ ಈ ತಾರೀಕು ನೋಡಿ.” ಅವರು ಬೆರಳಿಟ್ಟರು. ಎಡಮೂಲೆಯಲ್ಲಿ ಮೊದಲು ಇಸವಿ, ಆಮೇಲೆ ತಿಂಗಳು, ಕೊನೆಗೆ ದಿನ, ಕೆಳಗೊಂದು ಗೀಟು. “ಈ ಊರಲ್ಲಿ ಯಾರಮ್ಮ ಹೀಗೆ ತಾರೀಕು ಬರೀತಾರೆ? ಈ ಕಟ್ಟಡದಲ್ಲಿ ಕೂತಿರೋ ಹನ್ನೊಂದು ಜನ ಬಿಟ್ಟು?”

ಬದಲಿಸಿದ್ದ ಕೈಗೂ ಅಭ್ಯಾಸ ಗೊತ್ತಿತ್ತು. ಅಕ್ಕ ಪತ್ರವನ್ನು ನೋಡುತ್ತ ನಿಂತರು.

“ಅರ್ಥ ಸುಳ್ಳಲ್ಲ ಸಾರ್. ಆಧಾರ ಮಾತ್ರ ಸುಳ್ಳು.”

“ಆಧಾರ ಸುಳ್ಳಾದ ಮೇಲೆ ಅರ್ಥ ನಿಜ ಅಂತ ಹೇಳೋರು ಯಾರು?”

“ನಮ್ಮಮ್ಮ.”

“ಕರ್ಕೊಂಡು ಬನ್ನಿ.”

“ತೀರ್ಕೊಂಡು ಹದಿನೈದು ವರ್ಷ ಆಯ್ತು.”

ಪ್ರಧಾನ ಸಂಪಾದಕರು ಪತ್ರವನ್ನು ಮಡಿಸಿ ಲಕೋಟೆಗೆ ಹಾಕಿದರು. ಆಮೇಲೆ ಹೇಳಿದ ಮಾತಿನಲ್ಲಿ ಕೋಪಕ್ಕಿಂತ ಆಯಾಸವಿತ್ತು. “ಒಂದು ಸಿಕ್ಕಿತು. ಉಳಿದ ನಾಲ್ಕು ಸಾವಿರದ ಇನ್ನೂರ ಹದಿನೈದನ್ನ ನಾನು ಹೇಗೆ ನಂಬಲಿ? ನೀವೇ ಹೇಳಿ.”

ತಮ್ಮ ಜಾಗದಲ್ಲಿ ಬೇರೆ ಯಾರೇ ನಿಂತಿದ್ದರೂ ಆ ಪ್ರಶ್ನೆಯನ್ನು ಅಕ್ಕ ತಾವೇ ಕೇಳುತ್ತಿದ್ದರು.

ಪದ ಸಹಾಯಕ ಸಂಪಾದಕನಿಗೆ ಹಿಂದಿರುಗಿತು. ಹನ್ನೊಂದು ತಿಂಗಳು ಅವನು ಒಂದೊಂದೇ ಚೀಟಿಯನ್ನು ಮೂಲದೊಡನೆ ತಾಳೆ ನೋಡಿದ. ಅಕ್ಕ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ವಕಾರದ ಪದಗಳನ್ನು ಜೋಡಿಸುತ್ತ, ತಮ್ಮ ಚೀಟಿಗಳು ಬೇರೆಯವರ ಬೆರಳಲ್ಲಿ ಸರಿಯುವ ಸದ್ದು ಕೇಳುತ್ತ ಕೂತರು. ಕಡೆಗೆ ಅವನೇ ಬಂದು ಹೇಳಿದ: “ಬೇರೆ ಒಂದೂ ತಪ್ಪಿಲ್ಲ ಅಕ್ಕ. ಒಂದು ಅಲ್ಪವಿರಾಮ ಕೂಡ.” ಅವನ ದನಿಯಲ್ಲಿ ಮೆಚ್ಚುಗೆಯಿತ್ತು. ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ.

ನಿವೃತ್ತಿಯ ದಿನಾಂಕ ೧೯೮೫ರ ಜೂನ್ ೩೦. ಅದು ಭಾನುವಾರವಾದ್ದರಿಂದ ಕಡೆಯ ಕೆಲಸದ ದಿನ ೨೯, ಶನಿವಾರ. ಬೀಳ್ಕೊಡುಗೆಯಲ್ಲಿ ಮೂವರು ಮಾತಾಡಿದರು. ಲೈನ್ ಎಂಬ ಪದವನ್ನು ಮೂವರೂ, ನೆಲದ ಮೇಲೆ ಚೆಲ್ಲಿದ ನೀರನ್ನು ದಾಟುವಂತೆ, ಪಂಚೆ ಎತ್ತಿ ದಾಟಿದರು.

ಲಕಾರದ ಸಂಚಿಕೆ ಹೊರಬಂದದ್ದು ಡಿಸೆಂಬರ್ ೨ರಂದು. ನಿವೃತ್ತರಿಗೆ ಗೌರವ ಪ್ರತಿ ಕಳಿಸುವ ಪದ್ಧತಿಯಂತೆ ಅಕ್ಕನಿಗೂ ಅಂಚೆಯಲ್ಲಿ ಬಂತು. ಕಟ್ಟು ಬಿಚ್ಚಿ ಮುನ್ನುಡಿ ತೆಗೆದವನು ತಮ್ಮ.

“ಇಲ್ಲಿ ಆ ಡಬಲ್ ಎಮ್ಮೆ ಹೆಸರಿದೆಯಲ್ಲೇ ಅಕ್ಕಾ.”

“ಇರಲಿ. ನಲವತ್ತೊಂದು ಓದು.”

ಅಕ್ಕನ ಎಣಿಕೆಯಲ್ಲಿ, ತಮ್ಮ ಅರ್ಥ ಬಿದ್ದುಹೋದ ಮೇಲೆ ಅಲ್ಲಿ ಬೇರೇನೋ ಇರಬೇಕಿತ್ತು. ತಮ್ಮ, ಕೊಂಬೆಗೆ ಸಿಕ್ಕ ಗಾಳಿಪಟ ಬಿಡಿಸುವವನಂತೆ, ಒಂದೊಂದೇ ಪದ ಬಿಡಿಸಿ ಓದಿದ. “‘ನಲ್ಲಿಯ ಬಳಿ ತನ್ನ ಸರದಿಯನ್ನು, ಮುಂದೆ ದುಡಿಮೆಯ ಮೂಲಕ ಮರಳಿ ಪಡೆಯುವ ಕರಾರಿನ ಮೇಲೆ, ಕಷ್ಟದಲ್ಲಿರುವ ನೆರೆಮನೆಗೆ ಬಿಟ್ಟುಕೊಡುವುದು. ಆಧಾರ: ಬಾಯಿಮಾತು, ಲೈನ್ ಮನೆ ನಂಬರು ೬, ೧೭, ೩೧ರ ಮಹಿಳೆಯರು, ೧೯೮೪.’ ಏ, ಸೇರಿದೆಯಲ್ಲ! ನಿನ್ನದು ಸೇರಿಸಿದಾನಲ್ಲ ಮಾರಾಯ್ತಿ!”

“ನನ್ನದಲ್ಲ ಅದು.”

ಅಂದರೆ ಡಬಲ್ ಎಮ್ಮೆ ಹೋಗಿದ್ದ. ಕಡೆಗೂ ನಲ್ಲಿಯ ಬಳಿ ಹೋಗಿ ನಿಂತು, ಕೇಳಿ, ತಲೆಕೆಳಗಾಗಿ ಬರೆದುಕೊಂಡು ಬಂದಿದ್ದ. ಅಕ್ಕನ ಮೈಯಲ್ಲಿ ವರ್ಷಗಳ ಮೇಲೆ ಚುರುಕು ಹುಟ್ಟಿತು. ತಪ್ಪು ಅರ್ಥ ಅಚ್ಚಾದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಲೇಬೇಕು. ತಿದ್ದಿದವರ ಹೆಸರನ್ನೂ ಹಾಕಲೇಬೇಕು. ಅದು ಒಂಬತ್ತನೆಯ ನಿಯಮ. ಮೂರು ಮನೆಯವರಲ್ಲಿ ಒಬ್ಬರು ‘ನಾವು ಹಾಗೆ ಹೇಳಿಲ್ಲ’ ಎಂದರೂ ಸಾಕು. ಹದಿನೇಳನೆಯ ನಂಬರಿನಲ್ಲಿರುವುದು ಚಿಕ್ಕಮ್ಮ, ಅಮ್ಮನ ಪಕ್ಕದ ಮನೆಯ ಗೆಳತಿ. ಒಂಬತ್ತು ದಿನ ಬಕೆಟ್ ತಳ್ಳಿದ ಮೊದಲ ಕಾಲೇ ಅವರದು.

ಡಿಸೆಂಬರ್ ೧೨, ಗುರುವಾರ ಮಧ್ಯಾಹ್ನ ಮೂರೂವರೆಗೆ ಅಕ್ಕ ಸಂಚಿಕೆಯನ್ನು ಚೀಲದಲ್ಲಿಟ್ಟುಕೊಂಡು ಲೈನ್ ಮನೆಗಳಿಗೆ ಹೋದರು. ಕೆಲಸ ಸಿಕ್ಕ ವರ್ಷವೇ ಅಮ್ಮನನ್ನೂ ತಮ್ಮನನ್ನೂ ಕರೆದುಕೊಂಡು ಮನೆ ಬದಲಿಸಿದ ಮೇಲೆ ಅತ್ತ ಕಾಲಿಟ್ಟದ್ದು ಅದೇ ಮೊದಲು. ನಲ್ಲಿಯ ಮುಂದೆ ಆಗಲೇ ಬಕೆಟ್‌ಗಳು ಸಾಲಾಗಿದ್ದವು. ಚಿಕ್ಕಮ್ಮ ಕಲ್ಲಿನ ಮೇಲೆ ಕೂತು ಸರದಿ ಕಾಯುತ್ತಿದ್ದರು. ಎಪ್ಪತ್ತರ ಹತ್ತಿರ ವಯಸ್ಸು, ಒಂದು ಕಣ್ಣಿಗೆ ಪೊರೆ.

“ಯಾರೇ ಅದು? ಹದಿನೆಂಟನೇ ನಂಬರಿನ ಹುಡುಗೀನಾ? ಅಯ್ಯೋ, ಮುದುಕಿ ಆಗಿಬಿಟ್ಟಿದ್ದೀಯಲ್ಲೇ!”

“ಚಿಕ್ಕಮ್ಮ, ಹೋದ ವರ್ಷ ಒಬ್ಬ ಬಂದಿದ್ದನಾ? ಲೈನ್ ಕೊಡೋದರ ಬಗ್ಗೆ ಕೇಳ್ಕೊಂಡು?”

“ಬಂದಿದ್ದ, ದಪ್ಪಗಿನವನು. ಪಾಪ, ಒಳ್ಳೆ ಮನುಷ್ಯ. ಎರಡು ಗಂಟೆ ಇದೇ ಕಲ್ಲ ಮೇಲೆ ಕೂತಿದ್ದ. ಮೂರು ದಿನ ಬಂದ.”

“ಅವನು ತಪ್ಪು ಬರ್ಕೊಂಡಿದಾನೆ. ಕೊಟ್ಟ ಲೈನ್ ವಾಪಸ್ ತೀರಿಸಬೇಕು ಅಂತ ಬರೆದಿದಾನೆ.”

ಚಿಕ್ಕಮ್ಮ ಅವರ ಮುಖವನ್ನು ಒಳ್ಳೆಯ ಕಣ್ಣಿನಿಂದ ನೋಡಿದರು. “ತೀರಿಸಬೇಕಲ್ಲ ಮತ್ತೆ? ಪುಕ್ಕಟೆ ಯಾರು ಕೊಡ್ತಾರೆ?”

“ಈಗಿನ ಮಾತಲ್ಲ ಚಿಕ್ಕಮ್ಮ. ಆಗ. ಅಪ್ಪ ಹೋದಾಗ. ನೀವೆಲ್ಲ ಒಂಬತ್ತು ದಿನ ನಮಗೆ ಲೈನ್ ಕೊಟ್ಟಿರಿ. ಯಾರೂ ವಾಪಸ್ ಕೇಳಲಿಲ್ಲ.”

“ಕೇಳಲಿಲ್ಲವಾ? ನಿಮ್ಮಮ್ಮ ಎರಡು ವರ್ಷ ನಮ್ಮ ಮನೆಗಳಿಗೆಲ್ಲ ನೀರು ಹೊತ್ತಳಲ್ಲೇ! ಗಿರಣಿ ಕೂಗೋ ಮುಂಚೆ ಎದ್ದು, ಇಪ್ಪತ್ತು ಮನೆಗೆ. ನಾನು ಬಸುರಿ ಇದ್ದಾಗ ನನಗೂ ಅವಳೇ ತಂದುಹಾಕಿದ್ದು. ಆರನೇ ನಂಬರಿನೋಳಂತೂ ಒಂದು ಬಕೆಟ್ ತುಳುಕಿದ್ರೂ ಬೈತಿದ್ದಳು.”

ಅಕ್ಕ ಚೀಲವನ್ನು ಎದೆಗೆ ಒತ್ತಿಕೊಂಡರು. “ಅಮ್ಮ ಹೇಳಲೇ ಇಲ್ಲ.”

“ಹೇಳೋಕೆ ಏನಿತ್ತು ಅದರಲ್ಲಿ, ಹೆಮ್ಮೆ ಪಡೋ ವಿಷಯಾನಾ? ನೀನು ಹಾಸಿಗೇಲಿ ಇರ್ತಿದ್ದೆ.”

“ನೀವಾದ್ರೂ ನನಗೆ ಹೇಳಬಾರದಿತ್ತಾ?”

“ನೀನು ಕೇಳಿದ್ದೆಯಾ?” ಚಿಕ್ಕಮ್ಮನ ಮಾತಿನಲ್ಲಿ ಮುಳ್ಳಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದರು. “ಆ ದಪ್ಪಗಿನವನು ಬಂದು ಕೇಳಿದ, ಹೇಳಿದ್ವಿ. ನಿನ್ನ ವಿಷಯ ನಮಗೆ ಗೊತ್ತಿತ್ತಪ್ಪ, ದೊಡ್ಡ ಕಚೇರೀಲಿ ಪದಗಳ ಅರ್ಥ ಬರೀತಾಳೆ ಅಂತ. ಒಂದು ದಿನ ಬರಲಿಲ್ಲ ನೀನು.”

ಅರ್ಥ ಸರಿಯಾಗಿತ್ತು. ತಿದ್ದಲು ಏನೂ ಇರಲಿಲ್ಲ. ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಮೂವತ್ತು ವರ್ಷ ಲೋಕದ ಅಚ್ಚಾದ ಕಾಗದವನ್ನೆಲ್ಲ ಓದಿದ್ದ ತಾವು, ಆ ದಾರಿ ನಡೆಯಲು ದರ್ಜೆ ಸಾಲದೆಂಬ ನಿಯಮವನ್ನು ಅದೆಷ್ಟು ಸುಲಭವಾಗಿ ಒಪ್ಪಿಕೊಂಡಿದ್ದರೆಂದು ಅಕ್ಕ ಆಗ ಯೋಚಿಸಿದರು. ಬರೆದುಕೊಳ್ಳಲು ದರ್ಜೆ ಬೇಕಿತ್ತು. ಬಂದು ಕೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ನೀರು ಬಂತು. ಚಿಕ್ಕಮ್ಮನ ಬಕೆಟ್ ತುಂಬಿತು. ಅವರು ಸೊಂಟ ಹಿಡಿದುಕೊಂಡು ಎದ್ದರು.

“ಬಂದದ್ದೂ ಬಂದೆ, ಇದನ್ನ ಸ್ವಲ್ಪ ಮನೆ ತನಕ ತಂದುಕೊಡು.”

ಅಕ್ಕ ಚೀಲವನ್ನು ಹೆಗಲಿಗೇರಿಸಿ ಬಕೆಟ್ ಎತ್ತಿದರು. ಹಿಡಿ ಬೆರಳನ್ನು ಕೊಯ್ಯುತ್ತಿತ್ತು. ಹತ್ತನೆಯ ನಂಬರಿನ ಹತ್ತಿರ ಇಳಿಸಿ, ಕೈ ಬದಲಿಸಿ, ಮತ್ತೆ ಎತ್ತಿದರು. ನೀರು ಸೀರೆಯ ಅಂಚಿಗೆ ತುಳುಕಿತು. ಹಿಂದಿನಿಂದ ಚಿಕ್ಕಮ್ಮ, ಯಾರನ್ನೂ ನೋಯಿಸುವ ಉದ್ದೇಶವಿಲ್ಲದೆ, ಹೇಳಿದರು:

“ನಿಮ್ಮಮ್ಮ ಕೈಗೊಂದರಂತೆ ಎರಡು ಹೊರ್ತಿದ್ದಳು. ಒಂದು ಹನಿ ಚೆಲ್ತಿರಲಿಲ್ಲ.”